ಐನ್‌ಸ್ಟೀನ್ ಕಾಣದು ಅಂದರು, ಹಿತ್ತಲಲ್ಲಿ ನಿಂತವರಿಗೆ ಕಂಡಿತು

1936ರ ಏಪ್ರಿಲ್‌ನಲ್ಲಿ ರೂಡಿ ಮಾಂಡ್ಲ್ ಎಂಬ ಚೆಕ್ ಎಂಜಿನಿಯರ್ ಅಮೆರಿಕದ ಪ್ರಿನ್ಸ್‌ಟನ್‌ಗೆ ಬಂದು ಐನ್‌ಸ್ಟೀನ್ ಅವರನ್ನು ಭೇಟಿಯಾದರು. ಅವರು ಖಗೋಳ ವಿಜ್ಞಾನಿಯಲ್ಲ. ತಲೆಯಲ್ಲಿ ಒಂದು ವಿಚಾರ ಹೊತ್ತು ಕಂಡಕಂಡ ವಿಜ್ಞಾನಿಗಳ ಬಾಗಿಲು ತಟ್ಟಿದ್ದರು. ಯಾರೂ ಕಿವಿಗೊಟ್ಟಿರಲಿಲ್ಲ.

ವಿಚಾರ ಇಷ್ಟೇ. ಭಾರವಾದ ವಸ್ತುವಿನ ಪಕ್ಕ ಹಾದುಹೋಗುವ ಬೆಳಕು ಬಾಗುತ್ತದೆ ಎಂದು ಐನ್‌ಸ್ಟೀನ್ ಹೇಳಿದ್ದರು. 1919ರ ಸೂರ್ಯಗ್ರಹಣದಲ್ಲಿ ಅದನ್ನು ಅಳೆದೂ ನೋಡಿದ್ದರು. ಹಾಗಾದರೆ ಒಂದು ನಕ್ಷತ್ರದ ಮುಂದೆ ಇನ್ನೊಂದು ನಕ್ಷತ್ರ ನೇರವಾಗಿ ಬಂದು ನಿಂತರೆ, ಮುಂದಿನದು ಭೂತಗನ್ನಡಿಯಂತೆ ಕೆಲಸ ಮಾಡಿ ಹಿಂದಿನದರ ಬೆಳಕನ್ನು ಹೆಚ್ಚಿಸಬೇಕಲ್ಲವೇ? ಇದೇ ಮಾಂಡ್ಲ್ ಪ್ರಶ್ನೆ. ಇದರ ಜೊತೆಗೆ, ಹೀಗೆ ಹೆಚ್ಚಾದ ಬೆಳಕಿನಿಂದಲೇ ಹಿಂದೆ ಪ್ರಾಣಿಗಳ ಕುಲ ಅಳಿದಿರಬಹುದು ಎಂಬಂಥ ದೂರದ ಊಹೆಗಳನ್ನೂ ಸೇರಿಸಿಕೊಂಡಿದ್ದರು. ಬಾಗಿಲು ಮುಚ್ಚಿದವರನ್ನು ಪೂರ್ತಿ ತಪ್ಪು ಅನ್ನಲಾಗದು.

ಐನ್‌ಸ್ಟೀನ್ ಲೆಕ್ಕ ಹಾಕಿದರು. ಸರಿಯಾಗಿಯೇ ಬಂತು. ಆದರೆ ಅಚ್ಚು ಹಾಕಿಸಲು ಮನಸ್ಸಿರಲಿಲ್ಲ. ಮಾಂಡ್ಲ್ ಪತ್ರದ ಮೇಲೆ ಪತ್ರ ಬರೆದು ಬೆನ್ನು ಹತ್ತಿದರು. ಕೊನೆಗೆ ಡಿಸೆಂಬರ್‌ನಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪುಟ್ಟ ಲೇಖನ ಬಂತು. ಮಾಂಡ್ಲ್ ಕೇಳಿಕೊಂಡಿದ್ದಕ್ಕೆ ಪ್ರಕಟಿಸುತ್ತಿದ್ದೇನೆ ಎಂದು ಮೊದಲ ಸಾಲಿನಲ್ಲೇ ಇದೆ. ಇದನ್ನು ನೇರವಾಗಿ ನೋಡುವ ಆಸೆಯೇ ಬೇಡ ಅಂತಲೂ ಇದೆ. ಇದಕ್ಕೆ ಹೆಚ್ಚು ಬೆಲೆಯಿಲ್ಲ, ಪಾಪ ಆ ಮನುಷ್ಯನಿಗೆ ಖುಷಿಯಾದೀತು ಎಂಬರ್ಥದ ಮಾತನ್ನು ಸಂಪಾದಕರಿಗೆ ಬರೆದ ಪತ್ರದಲ್ಲಿ ಹೇಳಿದ್ದರು. ತಮಾಷೆ ನೋಡಿ, ಇದೇ ಲೆಕ್ಕವನ್ನು ಅವರು 1912ರಲ್ಲೇ ಟಿಪ್ಪಣಿ ಪುಸ್ತಕದಲ್ಲಿ ಮಾಡಿಟ್ಟಿದ್ದರು. ಅದನ್ನು ಇತಿಹಾಸಕಾರರು ಗುರುತಿಸಿ ಬರೆದದ್ದು 1997ರಲ್ಲಿ.

ಐನ್‌ಸ್ಟೀನ್ ಹೇಳಿದ್ದು ಅವರ ಕಾಲಕ್ಕೆ ನಿಜವೇ. ಎರಡು ನಕ್ಷತ್ರಗಳು ಅಷ್ಟು ನೇರಕ್ಕೆ ಬರುವುದು ತೀರಾ ಅಪರೂಪ. ಐವತ್ತು ವರ್ಷದ ನಂತರ, 1986ರಲ್ಲಿ, ಅದೇ ಪ್ರಿನ್ಸ್‌ಟನ್‌ನಲ್ಲಿದ್ದ ಪೋಲೆಂಡ್ ಮೂಲದ ಬೊಹ್ದಾನ್ ಪಚಿನ್‌ಸ್ಕಿ ಬೇರೆ ದಾರಿ ತೋರಿಸಿದರು: ಒಂದನ್ನಲ್ಲ, ಲಕ್ಷಾಂತರ ನಕ್ಷತ್ರಗಳನ್ನು ಪ್ರತಿ ರಾತ್ರಿ ಅಳೆಯಿರಿ, ಲೆಕ್ಕ ಕಂಪ್ಯೂಟರ್ ನೋಡಿಕೊಳ್ಳಲಿ. 1991ರಲ್ಲಿ ಅವರು ಮತ್ತು ಶೂಡೆ ಮಾವೊ, ಈ ವಿಧಾನದಲ್ಲಿ ಗ್ರಹಗಳೂ ಸಿಗುತ್ತವೆ ಎಂದರು. 1993ರಲ್ಲಿ ಮೂರು ತಂಡಗಳು ಇಂಥ ಬೆಳಕಿನ ಏರಿಳಿತ ಕಂಡಿದ್ದೇವೆ ಎಂದು ಪ್ರಕಟಿಸಿದವು.

ಗ್ರಹ ಸಿಗುವುದು ಹೇಗೆ? ಮುಂದಿನ ನಕ್ಷತ್ರ ಹಾದುಹೋಗುವಾಗ ಹಿಂದಿನದರ ಬೆಳಕು ಕೆಲವು ವಾರಗಳಲ್ಲಿ ನಿಧಾನಕ್ಕೆ ಏರಿ ಅಷ್ಟೇ ನಿಧಾನಕ್ಕೆ ಇಳಿಯುತ್ತದೆ. ಮುಂದಿನ ನಕ್ಷತ್ರಕ್ಕೆ ಗ್ರಹವಿದ್ದರೆ, ಭೂತಗನ್ನಡಿಯ ಗಾಜಿನಲ್ಲಿ ಗುಳ್ಳೆ ಇದ್ದ ಹಾಗೆ, ನಡುವೆ ಎಲ್ಲೋ ಬೆಳಕು ಹೆಚ್ಚುಕಮ್ಮಿಯಾಗುತ್ತದೆ. ಅದು ಕೆಲವು ಗಂಟೆ, ಹೆಚ್ಚೆಂದರೆ ಕೆಲವು ದಿನ. ತಪ್ಪಿದರೆ ತಪ್ಪಿತು, ಆ ಜೋಡಿ ಮತ್ತೆ ನೇರಕ್ಕೆ ಬರುವುದನ್ನು ಯಾರೂ ಕಾಯಲಾರರು.

ತೊಂದರೆ ಇರುವುದೇ ಇಲ್ಲಿ. ಪೋಲೆಂಡ್ ತಂಡದ ದೂರದರ್ಶಕ ಇರುವುದು ದಕ್ಷಿಣ ಅಮೆರಿಕದ ಚಿಲಿಯಲ್ಲಿ. ಅಲ್ಲಿ ಬೆಳಗಾದರೆ ಅದರ ಕೆಲಸ ನಿಂತಿತು. ಆಗ ರಾತ್ರಿ ಇರುವ ಕಡೆ ಯಾರಾದರೂ ಎದ್ದಿರಬೇಕು.

2005ರಲ್ಲಿ ಒಂದು ನಕ್ಷತ್ರದ ಬೆಳಕು ಏರುತ್ತಿದೆ ಎಂಬ ಸುದ್ದಿ ಚಿಲಿಯಿಂದ ಹೋದಾಗ ನ್ಯೂಜಿಲೆಂಡಿನ ಆಕ್ಲೆಂಡ್‌ನಲ್ಲಿ ಇಬ್ಬರು ಹವ್ಯಾಸಿಗಳು ಸಿದ್ಧರಿದ್ದರು: ಗ್ರಾಂಟ್ ಕ್ರಿಸ್ಟಿ ಮತ್ತು ಜೆನ್ನಿ ಮೆಕ್‌ಕಾರ್ಮಿಕ್. ಹದಿನೈದನೇ ವಯಸ್ಸಿಗೆ ಶಾಲೆ ಬಿಟ್ಟಿದ್ದ ಜೆನ್ನಿಯವರ ದೂರದರ್ಶಕ ಇದ್ದದ್ದು ಮನೆಯ ಹಿತ್ತಲಲ್ಲಿ. ಇಬ್ಬರ ಕನ್ನಡಿಗಳೂ ಒಂದೂವರೆ ಅಡಿ ಅಗಲವೂ ಇರಲಿಲ್ಲ. ರಾತ್ರಿಗಟ್ಟಲೆ ಅಳೆದು ಕಳಿಸಿದರು. ಬೆಳಕು ಒಮ್ಮೆ ಏರಿ, ತುಸು ತಗ್ಗಿ, ಮತ್ತೆ ಏರಿತ್ತು. ಚಿಲಿಯ ಅಳತೆಗಳಲ್ಲಿ ಹಗಲಿನಿಂದಾಗಿ ಬಿದ್ದ ಖಾಲಿ ಜಾಗಗಳನ್ನು ತುಂಬಲು ಇವರ ಅಂಕಿಗಳೂ ಬೇಕಾದವು. ನಡುವಿನ ಆ ತಗ್ಗಿನಲ್ಲಿ ಗುರುಗ್ರಹದ ಮೂರು ನಾಲ್ಕು ಪಟ್ಟು ತೂಕದ ಗ್ರಹವೊಂದು ಅಡಗಿತ್ತು. ಅದು ಇಲ್ಲಿಂದ ಸುಮಾರು 10,000 ಜ್ಯೋತಿರ್ವರ್ಷ ದೂರದಲ್ಲಿದೆ.

ಸಂಶೋಧನಾ ಪ್ರಬಂಧದ ಲೇಖಕರ ಪಟ್ಟಿಯಲ್ಲಿ ಪ್ರೊಫೆಸರುಗಳ ಜೊತೆ ಕ್ರಿಸ್ಟಿ, ಮೆಕ್‌ಕಾರ್ಮಿಕ್ ಇಬ್ಬರ ಹೆಸರೂ ಇವೆ. ಗ್ರಹಕ್ಕೆ ಮಾತ್ರ ಇನ್ನೂ ಅಂಕಿ ಅಕ್ಷರಗಳ ಉದ್ದದ ಗುರುತೇ ಹೆಸರು.