ವೈರಿಗೂ ಒಂದು ಹಿಡಿ ಮಣ್ಣು

ಊರಿನಲ್ಲಿ ಕಾಲೇಜು ಓದುವಾಗ ಬಿ.ಎಂ.ಶ್ರೀಯವರ 'ಅಶ್ವತ್ಥಾಮನ್' ನಾಟಕವನ್ನು ಕಂಡವರು ನಮ್ಮ ಸಂಘದಲ್ಲಿ ಕೆಲವರಾದರೂ ಇರಬಹುದು. ಹಳಗನ್ನಡಕ್ಕೆ ಹೆದರಿ ಗೈಡು ಹುಡುಕಿದವರೂ ಇದ್ದಾರು! 1929ರ ಆ ನಾಟಕದ ಕಥೆ ಮಹಾಭಾರತದ್ದಾದರೂ ಹಂದರ ಗ್ರೀಸಿನದು. ಸೋಫೋಕ್ಲೀಸ್ ಬರೆದ 'ಏಜಾಕ್ಸ್' ಎಂಬ ರುದ್ರನಾಟಕವೇ ಅದಕ್ಕೆ ಮಾದರಿ. ಆ ಮೂಲ ನಾಟಕದ ಬಗ್ಗೆ ಈ ಸಲ ನಾಲ್ಕು ಮಾತು.

ಸೋಫೋಕ್ಲೀಸ್ ಕ್ರಿ.ಪೂ. 5ನೆಯ ಶತಮಾನದ ಅಥೆನ್ಸಿನವನು. ನೂರಿಪ್ಪತ್ತಕ್ಕೂ ಹೆಚ್ಚು ನಾಟಕ ಬರೆದ. ಪೂರ್ತಿಯಾಗಿ ಉಳಿದಿರುವುದು ಏಳೇ. ಅವುಗಳಲ್ಲಿ ಇದೂ ಒಂದು.

ಟ್ರಾಯ್ ಯುದ್ಧದಲ್ಲಿ ಅಕಿಲೀಸ್ ಸತ್ತ ಮೇಲೆ ಅವನ ಆಯುಧಗಳು ಯಾರಿಗೆ ಎಂಬ ಪ್ರಶ್ನೆ ಬಂತು. ಅವನ ನಂತರ ತಾನೇ ದೊಡ್ಡ ವೀರನೆಂದು ಏಜಾಕ್ಸ್ ನಂಬಿದ್ದ. ಅವು ಒಡಿಸ್ಯೂಸನ ಪಾಲಾದವು. ಅವಮಾನಗೊಂಡ ಏಜಾಕ್ಸ್ ಗ್ರೀಕ್ ನಾಯಕರನ್ನೆಲ್ಲ ಕೊಲ್ಲಲು ರಾತ್ರಿ ಹೊರಟ. ಅಥೀನಾ ದೇವಿ ಅವನ ಬುದ್ಧಿ ಕೆಡಿಸಿದಳು. ನಾಯಕರೆಂದು ಭ್ರಮಿಸಿ ಅವನು ಕಡಿದದ್ದು ಸೈನ್ಯದ ದನ ಕುರಿಗಳನ್ನು!

ಭ್ರಮೆ ಇಳಿದಾಗ ಅವನಿಗೆ ಆಗುವುದು ಪಶ್ಚಾತ್ತಾಪವಲ್ಲ, ನಾಚಿಕೆ. ಕೊಲ್ಲಹೊರಟದ್ದಕ್ಕೆ ಅವನಿಗೆ ದುಃಖವಿಲ್ಲ. ಕೈತಪ್ಪಿ ನಗೆಪಾಟಲಾದದ್ದಕ್ಕೆ ಮಾತ್ರ. ದೇವರ ನೆರವಿದ್ದರೆ ಕೈಲಾಗದವನೂ ಗೆಲ್ಲುತ್ತಾನೆ, ನನಗದು ಬೇಡ ಎಂದು ಹಿಂದೆ ತಂದೆಯ ಮುಂದೆಯೇ ಜಂಬ ಕೊಚ್ಚಿದ್ದವನು. ಯುದ್ಧದಲ್ಲಿ ಸೆರೆಸಿಕ್ಕು ಅವನ ಮಡದಿಯಂತೆ ಬಾಳುತ್ತಿದ್ದ ಟೆಕ್ಮೆಸ್ಸಾ, ನೀನು ಸತ್ತರೆ ನನ್ನ ಗತಿ, ಮಗುವಿನ ಗತಿ ಏನೆಂದು ಅಂಗಲಾಚುತ್ತಾಳೆ. ಅವಳ ಹುಟ್ಟೂರನ್ನು ಹಾಳುಮಾಡಿದವನೂ ಇವನೇ; ಅವಳಿಗೆ ಹೋಗಲು ಬೇರೆ ಜಾಗವೇ ಇಲ್ಲ. ಮನಸ್ಸು ಕರಗಿತೆಂಬಂತೆ ಮಾತಾಡಿ, ಏಜಾಕ್ಸ್ ಕಡಲತಡಿಗೆ ಹೋಗಿ ಕತ್ತಿಯನ್ನು ನೆಲದಲ್ಲಿ ನೆಟ್ಟು ಅದರ ಮೇಲೆ ಬೀಳುತ್ತಾನೆ.

ನಾಟಕ ಇಲ್ಲಿಗೆ ಮುಗಿಯಬೇಕಿತ್ತಲ್ಲವೇ? ಮುಗಿಯುವುದಿಲ್ಲ. ಇನ್ನೂ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಉಳಿದಿದೆ, ಅದೆಲ್ಲ ಹೆಣದ ಜಗಳ. ದ್ರೋಹಿಯನ್ನು ಹೂಳಬಾರದು, ಹದ್ದುಗಳಿಗೆ ಹಾಕಿ ಎನ್ನುತ್ತಾರೆ ಮೆನೆಲಾಸ್ ಮತ್ತು ಅಗಮೆಮ್ನಾನ್. ತಮ್ಮ ಟ್ಯೂಸರ್ ಹೆಣ ಬಿಟ್ಟುಕೊಡುವುದಿಲ್ಲ. ನಾಟಕ ನಡುವೆ ಮುರಿದಿದೆ ಎಂದು ವಿಮರ್ಶಕರು ಹಿಂದಿನಿಂದಲೂ ದೂರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ.

ಅಥೆನ್ಸಿನ ಪ್ರೇಕ್ಷಕರಿಗೆ ಏಜಾಕ್ಸ್ ಬರೀ ಕಥೆಯ ವೀರನಾಗಿರಲಿಲ್ಲ. ನಗರದ ಪ್ರಜೆಗಳ ಹತ್ತು ಪಂಗಡಗಳಲ್ಲಿ ಒಂದಕ್ಕೆ ಅವನ ಹೆಸರಿತ್ತು. ಕ್ರಿ.ಪೂ. 480ರಲ್ಲಿ ಪರ್ಷಿಯನ್ನರ ವಿರುದ್ಧ ಸಲಾಮಿಸ್ ಕಡಲ ಯುದ್ಧಕ್ಕೆ ಮುನ್ನ ಗ್ರೀಕರು ಅವನನ್ನು ನೆರವಿಗೆ ಬಾ ಎಂದು ಪ್ರಾರ್ಥಿಸಿದ್ದರೆಂದು ಹೆರೊಡೋಟಸ್ ಬರೆದಿದ್ದಾನೆ. ಆ ಯುದ್ಧ ಗೆಲ್ಲಿಸಿದ ಥೆಮಿಸ್ಟೊಕ್ಲೀಸನೇ ಮುಂದೆ ದ್ರೋಹದ ಆರೋಪ ಹೊತ್ತು ಓಡಿಹೋಗಿ ಪರ್ಷಿಯದ ಅರಸನ ಆಶ್ರಯದಲ್ಲಿ ಸತ್ತ. ದ್ರೋಹಿಯನ್ನು ಅಥೆನ್ಸಿನ ನೆಲದಲ್ಲಿ ಹೂಳುವುದಕ್ಕೆ ಕಾನೂನಿನ ಅಡ್ಡಿ. ಬಂಧುಗಳು ಅವನ ಮೂಳೆಗಳನ್ನು ಗುಟ್ಟಾಗಿ ತಂದು ಮಣ್ಣುಮಾಡಿದರಂತೆ. ಇದು ಥುಸಿಡಿಡೀಸ್ ಹೇಳುವ ಮಾತು. ಸೋಫೋಕ್ಲೀಸ್ ಅವನನ್ನೇ ನೆನೆದು ಬರೆದನೆಂದು ನಾನು ವಾದಿಸುವುದಿಲ್ಲ. ಆದರೆ ಉಪಕಾರ ಮಾಡಿ ಆಮೇಲೆ ಕೆಟ್ಟವನಿಗೆ ಮಣ್ಣು ಸಿಗಬೇಕೇ ಎಂಬುದು ಆ ಜನರಿಗೆ ಪುರಾಣದ ಪ್ರಶ್ನೆಯಾಗಿರಲಿಲ್ಲ.

ಶ್ರೀಯವರಿಗೆ ಇಲ್ಲಿ ಕಷ್ಟ ಹೆಚ್ಚು. ಏಜಾಕ್ಸ್ ಕೊಂದದ್ದು ದನಗಳನ್ನು. ಸೌಪ್ತಿಕಪರ್ವದ ಅಶ್ವತ್ಥಾಮ ಕೊಂದದ್ದು ಮಲಗಿದ್ದ ಮನುಷ್ಯರನ್ನು. ಅವನಿಗಾಗಿ ಮರುಗುವಂತೆ ಮಾಡುವುದು ಸುಲಭವೇ? ಅದೂ ಅಲ್ಲದೆ ನಮ್ಮ ಅಶ್ವತ್ಥಾಮ ಚಿರಂಜೀವಿ. ಶ್ರೀಯವರು ಅವನನ್ನು ಸಾಯಿಸಿದರು. ಸಾಯದವನು ರುದ್ರನಾಟಕದ ನಾಯಕನಾಗುವುದು ಹೇಗೆ? ನನ್ನ ಮಟ್ಟಿಗೆ ಅವರು ಮಾಡಿದ್ದು ಸರಿ.

ಹೆಣದ ಜಗಳ ಬಿಡಿಸುವವನು ಏಜಾಕ್ಸನ ಪರಮವೈರಿ ಒಡಿಸ್ಯೂಸ್. ಮೊದಲ ದೃಶ್ಯದಲ್ಲೇ ಇದರ ಸುಳಿವಿದೆ: ಹುಚ್ಚನಾದ ಶತ್ರುವನ್ನು ತೋರಿಸಿ ಅಥೀನಾ ನಗು ಎಂದಾಗ ಅವನಿಗೆ ನಗು ಬರಲಿಲ್ಲ, ತನ್ನ ಪಾಡೂ ಇಷ್ಟೇ ಎನ್ನಿಸಿತು. ಕೊನೆಗೆ ಅದೇ ಮನಸ್ಸಿನಿಂದ ಅಗಮೆಮ್ನಾನನನ್ನು ಒಪ್ಪಿಸುತ್ತಾನೆ. ದ್ವೇಷಿಸಿದ್ದು ನಿಜ, ಆದರೆ ಅಕಿಲೀಸನ ನಂತರ ಅವನಷ್ಟು ದೊಡ್ಡವನಿರಲಿಲ್ಲ, ನನಗೂ ಒಂದು ದಿನ ಮಣ್ಣು ಬೇಕಲ್ಲ ಎಂಬುದು ಅವನ ವಾದ.

ತಾನೂ ಹೂಳಲು ಕೈಜೋಡಿಸುವೆನೆಂದು ಅವನು ಮುಂದೆ ಬರುತ್ತಾನೆ. ಟ್ಯೂಸರ್ ಮನಸಾರೆ ಹೊಗಳುತ್ತಾನೆ, ಆದರೆ ಹೆಣ ಮುಟ್ಟಗೊಡುವುದಿಲ್ಲ. ಸತ್ತ ಅಣ್ಣನಿಗೆ ಅದು ಹಿಡಿಸದೇನೋ ಎಂಬ ಅಳುಕು. ಒಡಿಸ್ಯೂಸ್ ಬೇಸರಿಸದೆ, ಆಗಲಿ ಎಂದು ಹೊರಟುಹೋಗುತ್ತಾನೆ.