ಉತ್ತರದೇಶದ ದೇವತೆಗಳೂ ಎಳೆಯ ವಾಚಕರೂ

ಮಕ್ಕಳಿಗಾಗಿ ಪುರಾಣಕಥೆಗಳನ್ನು ತಿರುಗಿ ಹೇಳುವುದೆಂದರೆ ದೊಡ್ಡವರ ಪಂಕ್ತಿಯಲ್ಲಿ ಮಿಕ್ಕದ್ದನ್ನು ಎಳೆಯರ ಎಲೆಗೆ ಬಡಿಸಿದಂತೆ ಎಂದು ಭಾವಿಸುವವರು ವಿದ್ವಾಂಸರಲ್ಲಿ ಎಂದೂ ಇದ್ದೇ ಇರುತ್ತಾರೆ. ಮೂಲವಿರುವಾಗ ಸಂಗ್ರಹವೇಕೆ, ಪದ್ಯವಿರುವಾಗ ಗದ್ಯವೇಕೆ ಎಂಬುದು ಅವರ ಆಕ್ಷೇಪ. ಯೂರೋಪಿನ ಉತ್ತರಭಾಗದ, ಎಂದರೆ ನಾರ್ವೆ, ಐಸ್‌ಲೆಂಡ್ ಮೊದಲಾದ ದೇಶಗಳ, ಪುರಾಣಗಳು ನಮ್ಮವರೆಗೆ ಬಂದ ಬಗೆಯನ್ನು ವಿಚಾರಿಸಿದರೆ ಈ ಆಕ್ಷೇಪವು ತಲೆಕೆಳಗಾಗುತ್ತದೆ. ಅಲ್ಲಿ ನಾವು ಮೂಲವೆಂದು ಕರೆಯುವ ಮುಖ್ಯ ಗ್ರಂಥವೇ ಎಳೆಯರಿಗೆಂದು ತಿರುಗಿ ಹೇಳಿದ ಗ್ರಂಥ.

ಅದನ್ನು ಬರೆದವನು ಸ್ನೋರಿ ಸ್ಟರ್ಲುಸನ್. ಕ್ರಿ. ಶ. 1179ರಲ್ಲಿ ಐಸ್‌ಲೆಂಡಿನಲ್ಲಿ ಹುಟ್ಟಿದ ಈತನು ಕವಿ, ಧನಿಕ, ರಾಜಕಾರಣಿ. ದೇಶದ ಮಹಾಸಭೆಯಲ್ಲಿ ನ್ಯಾಯವಿಧಿಗಳನ್ನು ಹೇಳುವ ಅಧಿಕಾರಿಯ ಪದವಿಯನ್ನು ಎರಡು ಬಾರಿ ವಹಿಸಿದ್ದವನು. ಐಸ್‌ಲೆಂಡಿನವರು ಕ್ರೈಸ್ತಮತವನ್ನು ಅಂಗೀಕರಿಸಿದ್ದು ಸುಮಾರು 1000ನೆಯ ವರ್ಷದಲ್ಲಿ. ಸ್ನೋರಿಯ ಕಾಲಕ್ಕೆ ಹಳೆಯ ದೇವತೆಗಳ ಪೂಜೆ ನಿಂತು ಇನ್ನೂರು ವರ್ಷಗಳಾಗಿದ್ದುವು. ಪೂಜೆ ನಿಂತರೂ ಪದ್ಯ ನಿಂತಿರಲಿಲ್ಲ. ಆ ಪದ್ಯಗಳಾದರೋ ಪುರಾಣವನ್ನು ಬಲ್ಲವರಿಗಲ್ಲದೆ ಬಿಡಿಸಲಾಗದ ಒಗಟುಗಳು. ಚಿನ್ನವೆನ್ನಬೇಕಾದಲ್ಲಿ ಕವಿಯು ‘ಸಿಫ್‌ಳ ಕೂದಲು’ ಎನ್ನುವನು. ಇಲ್ಲವೆ ‘ಫ್ರೇಯಾಳ ಕಣ್ಣೀರು’ ಎನ್ನುವನು. ನಮ್ಮ ಹಳೆಯ ಕವಿಗಳು ಶಿವನನ್ನು ನಂಜುಗೊರಲನೆಂದು ಕರೆದಾಗ ಹಾಲಾಹಲದ ಕಥೆಯನ್ನು ಕೇಳದ ಹುಡುಗನು ಏನನ್ನು ತಾನೇ ತಿಳಿದಾನು? ಐಸ್‌ಲೆಂಡಿನ ಎಳೆಯ ಕವಿಗಳ ಪಾಡು ಹಾಗಾಗಿತ್ತು. ಅವರಿಗೆ ಕೈಪಿಡಿಯಾಗಲೆಂದು ಸ್ನೋರಿಯು ಸುಮಾರು 1220ರಲ್ಲಿ ತನ್ನ ಗದ್ಯ ‘ಎಡ್ಡ’ವನ್ನು ರಚಿಸಿದನು. ಈ ಮಾತು ಎಳೆಯ ಕವಿಗಳಿಗಾಗಿ ಎಂದು ಅವನೇ ಗ್ರಂಥದೊಳಗೆ ತಿಳಿಸಿದ್ದಾನೆ. ಕ್ರೈಸ್ತರಾದವರು ಈ ದೇವತೆಗಳನ್ನು ನಂಬತಕ್ಕದ್ದಲ್ಲ, ಆದರೆ ಕಥೆಗಳನ್ನು ಮರೆಯತಕ್ಕದ್ದೂ ಅಲ್ಲ ಎಂಬುದು ಅವನು ಹಾಕಿಕೊಟ್ಟ ಕಟ್ಟಳೆ.

ನಂಬದ ದೇವತೆಗಳ ಕಥೆಯನ್ನು ಹೇಳುವುದು ಹೇಗೆ? ಇದಕ್ಕೆ ಸ್ನೋರಿಯು ಹೂಡಿದ ಉಪಾಯ ಜಾಣತನದ್ದು. ಗಿಲ್ವಿ ಎಂಬ ರಾಜನು ವೇಷಮರೆಸಿಕೊಂಡು ಒಂದು ಅರಮನೆಗೆ ಬರುತ್ತಾನೆ. ಅಲ್ಲಿ ಒಂದರ ಮೇಲೊಂದು ಪೀಠಗಳಲ್ಲಿ ಕುಳಿತ ಮೂವರನ್ನು ಲೋಕದ ಹುಟ್ಟಿನಿಂದ ಮೊದಲುಮಾಡಿ ಒಂದೊಂದೇ ಪ್ರಶ್ನೆ ಕೇಳುತ್ತಾನೆ. ಉತ್ತರಗಳೆಲ್ಲ ಮುಗಿದ ಮೇಲೆ ದೊಡ್ಡ ಶಬ್ದವಾಗಿ ಅರಮನೆಯೇ ಮಾಯವಾಗಿ ರಾಜನು ಬಯಲಿನಲ್ಲಿ ಒಬ್ಬನೇ ನಿಂತಿರುತ್ತಾನೆ. ಸಂವಾದರೂಪದ ಕಥೆ ಕೇಳಿ ಬೆಳೆದ ನಮ್ಮವರಿಗೆ ಈ ಕಟ್ಟು ಅಪರಿಚಿತವಲ್ಲ.

ಆ ಉತ್ತರಗಳಲ್ಲಿ ಬಾಲ್ಡರನ ಮರಣದ ಕಥೆಯು ಎಲ್ಲಕ್ಕಿಂತ ಮನಮುಟ್ಟುವಂಥದು. ದೇವತೆಗಳಲ್ಲಿ ಪ್ರಿಯತಮನಾದ ಬಾಲ್ಡರನಿಗೆ ದುಃಸ್ವಪ್ನಗಳು ಬೀಳುತ್ತವೆ. ತಾಯಿಯಾದ ಫ್ರಿಗ್ ದೇವಿಯು ಬೆಂಕಿ, ನೀರು, ಕಬ್ಬಿಣ, ಕಲ್ಲು, ಮರ, ರೋಗ, ಮೃಗ, ಪಕ್ಷಿ, ವಿಷ, ಸರ್ಪ ಇವೆಲ್ಲವುಗಳಿಂದಲೂ ಮಗನಿಗೆ ಕೇಡುಮಾಡೆವೆಂಬ ಆಣೆಯನ್ನು ತೆಗೆದುಕೊಳ್ಳುತ್ತಾಳೆ. ಬಳಿಕ ದೇವತೆಗಳಿಗೆ ಇದೊಂದು ಆಟವಾಗುತ್ತದೆ. ಬಾಲ್ಡರನನ್ನು ನಡುವೆ ನಿಲ್ಲಿಸಿ ಕಲ್ಲೆಸೆಯುತ್ತಾರೆ, ಕತ್ತಿ ಬೀಸುತ್ತಾರೆ, ಏನೂ ತಾಕದು. ಲೋಕಿ ಎಂಬ ಕಪಟಿಯು ಹೆಣ್ಣುವೇಷದಲ್ಲಿ ಬಂದು ತಾಯಿಯ ಬಾಯಿಂದಲೇ ಗುಟ್ಟನ್ನು ಹೊರಡಿಸುತ್ತಾನೆ: ಪಡುವಣ ದಿಕ್ಕಿನಲ್ಲಿ ಒಂದು ಪುಟ್ಟ ಚಿಗುರಿದೆ, ಅದು ತೀರ ಎಳೆಯದೆಂದು ಆಣೆ ಕೇಳಲಿಲ್ಲ. ಅದು ನಮ್ಮ ಮಾವಿನ ಮರಗಳನ್ನು ಹಿಡಿಯುವ ಬದನಿಕೆಯ ಬಳಗಕ್ಕೆ ಸೇರಿದ ಗಿಡ. ಲೋಕಿಯು ಅದನ್ನು ಕಿತ್ತು ತಂದು, ಆಟದಿಂದ ದೂರ ನಿಂತಿದ್ದ ಕುರುಡ ಹೋಡನ ಕೈಗಿತ್ತು, ಗುರಿಯನ್ನೂ ತೋರಿಸಿಕೊಡುತ್ತಾನೆ. ಬಾಲ್ಡರನು ಬಿದ್ದನು. ಹರ್ಮೋಡನು ಎಂಟು ಕಾಲಿನ ಕುದುರೆಯನ್ನೇರಿ ಒಂಬತ್ತು ಇರುಳು ಪಯಣಮಾಡಿ ಪಾತಾಳದ ಒಡತಿಯನ್ನು ಬೇಡಿದಾಗ, ಸಕಲ ವಸ್ತುಗಳೂ ಅತ್ತರೆ ಬಿಡುವೆನೆಂದು ಅವಳು ಹೇಳಿದಳು. ಕಲ್ಲು ಅತ್ತಿತು, ಲೋಹ ಅತ್ತಿತು. ಗುಹೆಯಲ್ಲಿ ಕುಳಿತ ಒಬ್ಬ ರಕ್ಕಸಿ ಮಾತ್ರ ಅಳಲೊಲ್ಲದೆ ಹೋದಳು. ಅವಳೇ ಲೋಕಿಯೆಂದು ಜನರ ಊಹೆ.

ಹಿರಣ್ಯಕಶಿಪುವಿನ ವರದ ಕಥೆಯನ್ನು ಕೇಳಿದ ಮಗುವಿಗೆ ಈ ಆಣೆಯಲ್ಲಿ ಎಲ್ಲೋ ಒಂದು ಬಿರುಕಿರುವುದೆಂದು ಮೊದಲೇ ಹೊಳೆದೀತು. ಆದರೆ ಅಲ್ಲಿ ಬಿರುಕಿನಿಂದ ದುಷ್ಟನ ಸಂಹಾರ. ಇಲ್ಲಿ ನಿರಪರಾಧಿಯ ಮರಣ, ಅದೂ ನಿರಪರಾಧಿಯಾದ ಕುರುಡನ ಕೈಯಿಂದ. ಸ್ನೋರಿಗಿಂತ ಸ್ವಲ್ಪ ಹಿಂದೆ ಡೆನ್ಮಾರ್ಕಿನ ಸಾಕ್ಸೋ ಎಂಬ ಚರಿತ್ರಕಾರನು ಇದೇ ಕಥೆಯನ್ನು ಲ್ಯಾಟಿನ್ ಭಾಷೆಯಲ್ಲಿ ಬರೆದಿದ್ದಾನೆ. ಅದರಲ್ಲಿ ಹೋಡನು ಕುರುಡನಲ್ಲ. ನನ್ನಾ ಎಂಬ ಕನ್ಯೆಗಾಗಿ ಬಾಲ್ಡರನೊಡನೆ ಕಾದಾಡುವ ಶೂರ. ಇಂದು ಮಕ್ಕಳ ಪುಸ್ತಕಗಳಲ್ಲಿರುವುದು ಸ್ನೋರಿಯ ಕಥೆ, ಸಾಕ್ಸೋವಿನದಲ್ಲ. ಪಂಡಿತರಿಗೆ ಎರಡೂ ಬೇಕು. ಮಕ್ಕಳಿಗಾಗಿ ಆರಿಸಿದವರು ಸರಿಯಾಗಿಯೇ ಆರಿಸಿದರೆಂದು ನಮ್ಮ ಅಭಿಪ್ರಾಯ.

ಸ್ನೋರಿಯು 1241ರಲ್ಲಿ ನಾರ್ವೆಯ ದೊರೆಯ ಕೋಪಕ್ಕೆ ಗುರಿಯಾಗಿ, ತನ್ನ ಮನೆಯ ನೆಲಮಾಳಿಗೆಯಲ್ಲಿ ಹತನಾದನು. ಅವನ ಗ್ರಂಥವು ಉಳಿಯಿತು. ಹೊರಗಿನ ಯೂರೋಪಿಗೆ ಈ ಪುರಾಣಗಳ ಪರಿಚಯವಾದುದು ಮುಖ್ಯವಾಗಿ ಹದಿನೆಂಟನೆಯ ಶತಮಾನದಲ್ಲಿ, ಮ್ಯಾಲೆಯು ಫ್ರೆಂಚ್ ಭಾಷೆಯಲ್ಲಿ ಬರೆದ ಪುಸ್ತಕದಿಂದ. ಅದನ್ನು ಪರ್ಸಿಯು 1770ರಲ್ಲಿ ಇಂಗ್ಲಿಷಿಗೆ ತಂದನು. ಇಂಗ್ಲೆಂಡಿನ ಮಕ್ಕಳಾದರೋ ಇನ್ನೂ ಎಂಬತ್ತೇಳು ವರ್ಷ ಕಾಯಬೇಕಾಯಿತು. 1857ರಲ್ಲಿ ಆನಿ ಕೀರಿ, ಎಲಿಜಾ ಕೀರಿ ಎಂಬ ಅಕ್ಕತಂಗಿಯರು ‘ಆಸ್‌ಗಾರ್ಡಿನ ವೀರರು’ ಎಂಬ ಪುಸ್ತಕವನ್ನು ಪ್ರಕಟಿಸಿದರು. ಅದರ ಮೊದಲ ಹೆಸರಿನಲ್ಲಿ ವಾರದ ದಿನಗಳ ಪ್ರಸ್ತಾಪವೂ ಇದ್ದಿತು. ಇಂಗ್ಲಿಷಿನ ಮಂಗಳವಾರದಲ್ಲಿ ಟೀರ್, ಬುಧವಾರದಲ್ಲಿ ಓಡಿನ್, ಗುರುವಾರದಲ್ಲಿ ಥಾರ್, ಶುಕ್ರವಾರದಲ್ಲಿ ಫ್ರಿಗ್ ಅಡಗಿರುವರಲ್ಲವೆ? ದಿನವೂ ಬಾಯಲ್ಲಿ ಬರುವ ಹೆಸರುಗಳಿಂದ ಮಕ್ಕಳನ್ನು ದೇವತೆಗಳ ಕಡೆಗೆ ಕರೆದೊಯ್ದುದು ಒಳ್ಳೆಯ ಬೋಧಕರ ಮಾರ್ಗ.

ಆರ್ಥರ್ ರಾಜನ ಕಥೆಗಳಿಗೂ ಇದೇ ಕಾಲದಲ್ಲಿ ಮರುಹುಟ್ಟಾಯಿತು. ಮ್ಯಾಲೊರಿಯು ಸೆರೆಯಲ್ಲಿದ್ದು ಬರೆದು, ಕ್ಯಾಕ್ಸ್‌ಟನ್ನನು 1485ರಲ್ಲಿ ಅಚ್ಚುಹಾಕಿದ ಬೃಹದ್ಗ್ರಂಥವನ್ನು 1862ರಲ್ಲಿ ನೋಲ್ಸನೂ, 1880ರಲ್ಲಿ ಅಮೆರಿಕದ ಕವಿ ಸಿಡ್ನಿ ಲೇನಿಯರನೂ ಎಳೆಯರಿಗಾಗಿ ಸಂಗ್ರಹಿಸಿದರು. ಹೋವರ್ಡ್ ಪೈಲನು 1903ರಿಂದ 1910ರವರೆಗೆ ನಾಲ್ಕು ಸಂಪುಟಗಳನ್ನು ತಾನೇ ಬರೆದು ತಾನೇ ಚಿತ್ರಿಸಿದನು. ಇಲ್ಲಿಯೇ ಕತ್ತರಿಯ ಪ್ರಶ್ನೆ ಏಳುವುದು. ಮ್ಯಾಲೊರಿಯಲ್ಲಿ ಮಾರ್ಡ್ರೆಡ್‌ನು ಆರ್ಥರನಿಗೇ ಅಕ್ರಮವಾಗಿ ಹುಟ್ಟಿದ ಮಗ. ಅವನಿಂದ ತನಗೆ ನಾಶವೆಂದು ಕೇಳಿದ ಆರ್ಥರನು, ಮೇ ತಿಂಗಳ ಮೊದಲನೆಯ ದಿನ ಹುಟ್ಟಿದ ಶಿಶುಗಳನ್ನೆಲ್ಲ ಹಡಗಿನಲ್ಲಿ ಹಾಕಿ ಸಮುದ್ರಕ್ಕೆ ಬಿಡಿಸುತ್ತಾನೆ. ಕಂಸನು ಮಾಡಿದರೆ ಸೋಜಿಗವಿಲ್ಲ. ಮಾಡಿದವನು ಧರ್ಮರಾಜನಂತೆ ಕೀರ್ತಿವಂತನಾದ ಅರಸು! ಹತ್ತೊಂಬತ್ತನೆಯ ಶತಮಾನದವರು ಇದನ್ನು ಸಹಿಸಲಾರದೆ ಮಾರ್ಡ್ರೆಡ್‌ನನ್ನು ಸೋದರಳಿಯನನ್ನಾಗಿ ಮಾಡಿದರು. ಟೆನಿಸನ್ನನ ಕಾವ್ಯದಲ್ಲಿಯೂ ಅವನು ಹಾಗೆಯೇ. ಮಕ್ಕಳ ಮುಂದೆ ಎಲ್ಲವನ್ನೂ ಬಿಚ್ಚಿಡಬೇಕೆಂದು ನಾವು ಹೇಳುವುದಿಲ್ಲ. ಆದರೆ ಅರಸನ ತಪ್ಪನ್ನು ತೆಗೆದರೆ ಅರಸನ ಪತನಕ್ಕೆ ಕಾರಣವೂ ಹೋಗುತ್ತದೆ. ಉಳಿಯುವುದು ಹೇಗೋ ಬಂದೊದಗಿದ ಒಂದು ಯುದ್ಧ.

ಉತ್ತರದ ಪುರಾಣದಲ್ಲಿಯಾದರೋ ದೇವತೆಗಳ ತಪ್ಪನ್ನು ಕಿತ್ತೆಸೆಯಲು ಬರುವಂತೆಯೇ ಇಲ್ಲ. ಫೆನ್ರಿರ್ ಎಂಬ ತೋಳದ ಮರಿಯನ್ನು ಅವರೇ ಸಾಕಿ, ಅದು ಬೆಳೆದ ಮೇಲೆ ಬೆದರಿ, ಸಂಕೋಲೆ ಹಾಕಲೆಳಸಿದರು. ಎರಡು ಸಂಕೋಲೆಗಳನ್ನು ಅದು ಹರಿದೊಗೆಯಿತು. ಕುಬ್ಜರಿಂದ ಮೂರನೆಯದನ್ನು ಮಾಡಿಸಿದರು. ರೇಷ್ಮೆಯ ಪಟ್ಟಿಯಂತೆ ಮೆತ್ತನೆಯದು. ಬೆಕ್ಕಿನ ಹೆಜ್ಜೆಯ ಸಪ್ಪಳ, ಹೆಂಗಸಿನ ಗಡ್ಡ, ಬೆಟ್ಟದ ಬೇರು, ಕರಡಿಯ ನರ, ಮೀನಿನ ಉಸಿರು, ಹಕ್ಕಿಯ ಉಗುಳು ಇವಾರರಿಂದ ಆದದ್ದು. ಬೆಕ್ಕು ನಡೆದರೆ ಸಪ್ಪಳವಾಗದಿರುವುದು ಅಂದಿನಿಂದಲೇ. ಯಾವ ದೇಶದ ಮಗುವಾದರೂ ಇಲ್ಲಿ ನಗದೆ ಇರಲಾರದು. ಆದರೆ ನಗೆಯ ಬೆನ್ನಿಗೇ ವಂಚನೆ ಇದೆ. ತೋಳವು ಸಂಶಯಪಟ್ಟು, ನಿಮ್ಮಲ್ಲೊಬ್ಬನು ಒತ್ತೆಯಾಗಿ ನನ್ನ ಬಾಯಲ್ಲಿ ಕೈಯಿಡಲೆಂದಿತು. ದೇವತೆಗಳು ಮುಖಮುಖ ನೋಡಿಕೊಂಡರು. ಟೀರ್ ಒಬ್ಬನೇ ಮುಂದೆ ಬಂದು ಬಲಗೈಯನ್ನಿಟ್ಟನು. ಕಟ್ಟು ಬಿಗಿಯಿತು. ಎಲ್ಲರೂ ನಕ್ಕರು, ಟೀರ್ ನಗಲಿಲ್ಲ. ಅವನ ಕೈ ಹೋಗಿತ್ತು. ದೇವತೆಗಳು ಮಾತಿಗೆ ತಪ್ಪಿದರೆಂಬುದನ್ನು ಮರೆಸಿ ಟೀರನ ಧೈರ್ಯವನ್ನಷ್ಟೇ ಹೊಗಳುವ ಪುಸ್ತಕವು ಅರ್ಧ ಕಥೆಯನ್ನು ಹೇಳಿದಂತೆ. ಕೊನೆಯ ಯುದ್ಧದಲ್ಲಿ ಅದೇ ತೋಳವು ಬಿಡಿಸಿಕೊಂಡು ಬಂದು ಓಡಿನನನ್ನು ನುಂಗುವುದೇಕೆಂದು ಮಗುವು ಕೇಳಿದರೆ ಆ ಪುಸ್ತಕದಲ್ಲಿ ಉತ್ತರವಿರುವುದಿಲ್ಲ. ಪಾಡ್ರಿಕ್ ಕೋಲಮನ 1920ರ ಪುಸ್ತಕದಲ್ಲಿ ಕಥೆಗಳೆಲ್ಲವೂ ಈ ಪ್ರಳಯದ ಕಡೆಗೇ ಸಾಗುತ್ತವೆ. ಅದರ ಬಲವಿರುವುದು ಅಲ್ಲಿ.

ವೀರರ ಹೊಗಳಿಕೆಯನ್ನು ಮಾತ್ರ ಉಳಿಸಿಕೊಂಡು ಮಿಕ್ಕದ್ದನ್ನು ಬಿಟ್ಟವರು ಏನು ಮಾಡಬಲ್ಲರೆಂಬುದನ್ನು ಜರ್ಮನಿಯಲ್ಲಿ 1933ರಿಂದ 1945ರವರೆಗೆ ಲೋಕವು ಕಂಡಿತು. ಹಳೆಯ ಲಿಪಿಯ ಅಕ್ಷರಗಳು ಕೊಲೆಗಡುಕರ ಅಂಗಿಯ ಕೊರಳಪಟ್ಟಿಗೆ ಏರಿದುವು. ಈ ಕಥೆಗಳನ್ನು ಬಾಲ್ಯದಿಂದಲೂ ಪ್ರೀತಿಸಿದ ಇಂಗ್ಲೆಂಡಿನ ಟೋಲ್ಕಿನನು 1941ರಲ್ಲಿ ಮಗನಿಗೆ ಬರೆದ ಕಾಗದವೊಂದರಲ್ಲಿ ಹಿಟ್ಲರನ ಮೇಲೆ ಕಿಡಿಕಾರಿದ್ದಾನೆ.

ಆ ಟೋಲ್ಕಿನನು ಹುಡುಗನಾಗಿದ್ದಾಗ ಓದಿ ಮೆಚ್ಚಿದ್ದು ಸಿಗುರ್ಡನ ಕಥೆಯನ್ನು, ಆಂಡ್ರೂ ಲ್ಯಾಂಗನು 1890ರಲ್ಲಿ ಪ್ರಕಟಿಸಿದ ಮಕ್ಕಳ ಪುಸ್ತಕದಲ್ಲಿ. ಲ್ಯಾಂಗನದು ವಿಲಿಯಂ ಮಾರಿಸನ ಭಾಷಾಂತರದ ಸಂಗ್ರಹ. ಮಾರಿಸನದು ಹದಿಮೂರನೆಯ ಶತಮಾನದ ಗದ್ಯಕಥೆಯ ಭಾಷಾಂತರ. ಆ ಗದ್ಯಕಥೆಯೋ ಇನ್ನೂ ಹಳೆಯ ಪದ್ಯಗಳ ಸಂಗ್ರಹ. ಪದ್ಯಗಳಿರುವ ಪ್ರಧಾನ ಹಸ್ತಪ್ರತಿಯು ಸುಮಾರು 1270ರದು, ನಲವತ್ತೈದು ಹಾಳೆಗಳ ಸಣ್ಣ ಪುಸ್ತಕ. 1643ರಲ್ಲಿ ಬ್ರಿನ್ಯೋಲ್ಫರ್ ಎಂಬ ಬಿಷಪ್ಪನ ಕೈಸೇರಿ, 1662ರಲ್ಲಿ ಡೆನ್ಮಾರ್ಕಿನ ರಾಜನಿಗೆ ಕಾಣಿಕೆಯಾಗಿ ಹೋಗಿ, 1971ನೆಯ ಏಪ್ರಿಲ್ 21ರಂದು ಹಡಗಿನಲ್ಲಿ ಐಸ್‌ಲೆಂಡಿಗೆ ಹಿಂದಿರುಗಿತು. ಬಂದರಿನಲ್ಲಿ ಸಾವಿರಾರು ಜನ ಕಾದಿದ್ದರು. ಆದರೆ ಬಿಷಪ್ಪನ ಕೈಗೆ ಬರುವ ಮೊದಲೇ ಅದರ ನಡುವಣ ಎಂಟು ಹಾಳೆಗಳು ಕಳೆದುಹೋಗಿದ್ದುವು. ಅವು ಇದ್ದದ್ದು ಸಿಗುರ್ಡನ ಕಥೆಯ ನಟ್ಟನಡುವೆ. ಆ ಭಾಗದಲ್ಲಿ ಏನು ನಡೆಯಿತೆಂದು ತಿಳಿಯಬೇಕಾದ ವಿದ್ವಾಂಸರು, ಪದ್ಯಗಳನ್ನು ಓದಿ ತನ್ನ ಮಾತಿನಲ್ಲಿ ಗದ್ಯವಾಗಿ ತಿರುಗಿ ಹೇಳಿದ ಆ ಹೆಸರಿಲ್ಲದ ಕಥೆಗಾರನನ್ನೇ ಇಂದಿಗೂ ಕೇಳಬೇಕಾಗಿದೆ.