ಕೊಟ್ಟವರ ಮೇಲೆಯೇ ತಗಾದೆ

ಕಡತಗಳನ್ನು ಸಂಕುಚಿತಗೊಳಿಸುವ ‘ಎಕ್ಸ್‌ಜೆಡ್’ ಎಂಬ ಮುಕ್ತ ತಂತ್ರಾಂಶವನ್ನು ಫಿನ್ಲೆಂಡಿನ ಲಾಸೆ ಕಾಲಿನ್ ಅವರು ವರ್ಷಗಟ್ಟಲೆ ಸಂಬಳವಿಲ್ಲದೆ ನೋಡಿಕೊಂಡು ಬಂದರು. ಅಸಂಖ್ಯ ಲಿನಕ್ಸ್ ಗಣಕಗಳು ಬಿಡಿಗಾಸೂ ತೆರದೆ ಅದನ್ನು ಬಳಸುತ್ತವೆ. 2022ರಲ್ಲಿ ಬಳಕೆದಾರರೆನಿಸಿಕೊಂಡ ಕೆಲವರು, ಕೋರಿದ ಸುಧಾರಣೆಗಳು ಬೇಗ ಬರುತ್ತಿಲ್ಲವೆಂದು ಅವರ ಬೆನ್ನು ಹತ್ತಿದರು. ಹೊಣೆಯನ್ನು ಮತ್ತೊಬ್ಬರಿಗೆ ವಹಿಸಬಾರದೇ ಎಂದೂ ಕೇಳಿದರು. ಇದು ಸಂಬಳವಿಲ್ಲದ ಹವ್ಯಾಸವೆಂದು ಅವರೇ ನೆನಪಿಸಬೇಕಾಯಿತು. ಅಂಗಡಿಯಲ್ಲಿ ನಾವು ತಗಾದೆ ಮಾಡುವುದು ಸಾಲ ಪಡೆದವನನ್ನು. ಇಲ್ಲಿ ತಗಾದೆಗೆ ಗುರಿಯಾದವರು ಕೊಟ್ಟವರು!

ನೆರವಿಗೆಂದು ಬಂದಿದ್ದ ‘ಜಿಯಾ ಟಾನ್’ ಎಂಬ ಹೆಸರಿನ ವ್ಯಕ್ತಿಗೆ ಕ್ರಮೇಣ ಅಧಿಕಾರ ದೊರೆಯಿತು. 2024ರ ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲಿ ಹೊರಬಂದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ, ಅನ್ಯರ ಗಣಕದೊಳಕ್ಕೆ ನುಗ್ಗಲು ಕಳ್ಳಬಾಗಿಲೊಂದು ಅಡಗಿತ್ತು. ದೂರದ ಗಣಕವನ್ನು ಪ್ರವೇಶಿಸುವಾಗ ಸುಮಾರು ಅರ್ಧ ಸೆಕೆಂಡು ವಿಳಂಬವಾಗುವುದನ್ನು ಗಮನಿಸಿದ ಎಂಜಿನಿಯರ್ ಆಂಡ್ರೆಸ್ ಫ್ರಾಯಿಂಡ್, ಕಾರಣವನ್ನು ಶೋಧಿಸಿ ಮಾರ್ಚ್ 29ರಂದು ಬಹಿರಂಗಪಡಿಸಿದರು. ಹೆಚ್ಚಿನ ಗಣಕಗಳನ್ನು ಆ ಆವೃತ್ತಿಗಳು ಇನ್ನೂ ತಲುಪಿರಲಿಲ್ಲ.

ಅಂದು ಒತ್ತಾಯಿಸಿದವರೂ ಅದೇ ಕೂಟದವರೆಂಬ ಶಂಕೆ ಬಲವಾಗಿದೆ. ಆದರೆ ನಿಜವಾದ ಬಳಕೆದಾರರ ದನಿಯೂ ಹಾಗೆಯೇ ಇರದಿದ್ದಲ್ಲಿ ಆ ನಟನೆಯನ್ನು ಯಾರು ನಂಬುತ್ತಿದ್ದರು? ಅದೇ ಮೇ ತಿಂಗಳಲ್ಲಿ ಕಳ್ಳಬಾಗಿಲನ್ನು ಕಿತ್ತುಹಾಕಿದ 5.6.2 ಆವೃತ್ತಿ ಹೊರಬಂದಿತು. ಹೊರತಂದವರು ಕಾಲಿನ್ ಅವರೇ.